ಪೂರ್ತಿ ತೆಗೆಸಲಾ, ಗಂಟು ಮಾತ್ರ ತೆಗೆಸಲಾ?

ಪ್ರಶ್ನೆ: ನನಗೆ 47 ವರ್ಷ. ಶಿರಸಿಯಲ್ಲಿ ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಗಂಟು 2.4 ಸೆಂ.ಮೀ., ಗ್ರೇಡ್ 2, ಇಆರ್ ಮತ್ತು ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್. ಕಂಕುಳಲ್ಲಿ ಏನೂ ಕಾಣಿಸಿಲ್ಲ. ಊರಿನ ಸರ್ಜನ್ ಪೂರ್ತಿ ಸ್ತನ ತೆಗೆಯೋದೇ ಒಳ್ಳೇದು ಎಂದರು. ಹುಬ್ಬಳ್ಳಿಯ ಡಾಕ್ಟರ್ ಗಂಟು ಮಾತ್ರ ತೆಗೆದು ಕರೆಂಟ್ ಕೊಟ್ಟರೆ ಸಾಕು ಎನ್ನುತ್ತಾರೆ. ಅತ್ತೆ, ನಾದಿನಿ ಎಲ್ಲರೂ 'ಬೇರು ಸಮೇತ ತೆಗೆಸಿಬಿಡು, ಮತ್ತೆ ತಲೆಬಿಸಿ ಬೇಡ' ಎನ್ನುತ್ತಿದ್ದಾರೆ. ಯಜಮಾನರು 'ನಿನ್ನಿಷ್ಟ' ಎಂದು ಸುಮ್ಮನಾಗಿದ್ದಾರೆ. ನನ್ನ ಚಿಕ್ಕಮ್ಮ ಅಂಡಾಶಯದ ಕ್ಯಾನ್ಸರಿನಿಂದ 52ನೇ ವಯಸ್ಸಿಗೆ ತೀರಿಕೊಂಡರು. ಅದಕ್ಕೇ ಹೆದರಿಕೆ ಜಾಸ್ತಿ. ಎರಡೂ ಸ್ತನ ತೆಗೆಸಿಬಿಟ್ಟರೆ ಹೇಗೆ ಅಂತಲೂ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ನಾನು ನಿಮ್ಮನ್ನು ಪರೀಕ್ಷೆ ಮಾಡಿಲ್ಲ. ನೀವು ಬರೆದ ರಿಪೋರ್ಟಿನ ಮೇಲೆ ಹೇಳುತ್ತಿದ್ದೇನೆ. ಅಷ್ಟರ ಮೇಲೆ ನನ್ನ ಅಭಿಪ್ರಾಯ ಇದು: ನಿಮ್ಮದು ಗಂಟು ಮಾತ್ರ ತೆಗೆದು ಸ್ತನ ಉಳಿಸಿಕೊಳ್ಳಬಹುದಾದ ಕಾಯಿಲೆ. ಹುಬ್ಬಳ್ಳಿಯ ಡಾಕ್ಟರ್ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆಪರೇಷನ್ನಿನ ದಿನ ಗೊತ್ತುಮಾಡುವ ಮೊದಲು ಒಂದು ವಿಷಯ ಇತ್ಯರ್ಥ ಆಗಬೇಕು. ಅದು ನಿಮ್ಮ ಚಿಕ್ಕಮ್ಮನ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಅತ್ತೆ, ನಾದಿನಿಯರ ಮಾತು. ಜಾಸ್ತಿ ಕತ್ತರಿಸಿದಷ್ಟು ಜಾಸ್ತಿ ಸುರಕ್ಷಿತ ಅನ್ನೋದು ಅವರೊಬ್ಬರ ನಂಬಿಕೆ ಅಲ್ಲ. ಸುಮಾರು ಎಂಬತ್ತು ವರ್ಷ ಡಾಕ್ಟರುಗಳೂ ಹಾಗೇ ನಂಬಿದ್ದರು. 1890ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಆಪರೇಷನ್ ರೂಢಿಗೆ ತಂದರು. ಕ್ಯಾನ್ಸರ್ ಗಂಟಿನಿಂದ ಸುತ್ತಲೂ ಹಂತಹಂತವಾಗಿ ಹರಡುತ್ತದೆ, ಆದ್ದರಿಂದ ಅಗಲವಾಗಿ ತೆಗೆದರೆ ಅದನ್ನು ಹಿಡಿಯಬಹುದು ಅನ್ನುವುದು ಅವರ ಲೆಕ್ಕ. ಎದೆಗೂಡು ಗುಳಿ ಬಿದ್ದು, ತೋಳು ಊದಿಕೊಂಡು ಬದುಕಿದ ಹೆಂಗಸರು ಎಷ್ಟೋ ಮಂದಿ.

ಈ ಲೆಕ್ಕ ಸರಿಯೇ ಎಂದು ಪರೀಕ್ಷೆಗೆ ಒಡ್ಡಿದ್ದು ಬಹಳ ತಡವಾಗಿ. ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೆಸಿ 1973ರಿಂದ 1980ರವರೆಗೆ 701 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಆಪರೇಷನ್. ಇನ್ನೊಂದಕ್ಕೆ ಸ್ತನದ ಕಾಲುಭಾಗ ಮಾತ್ರ ತೆಗೆದು ರೇಡಿಯೇಷನ್. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ 1,851 ಹೆಂಗಸರನ್ನು ಕೊನೆತನಕ ಲೆಕ್ಕಕ್ಕೆ ತೆಗೆದುಕೊಂಡರು. ಅದರಲ್ಲಿ 4 ಸೆಂ.ಮೀ. ತನಕದ ಗಂಟುಗಳೂ ಇದ್ದವು, ಅಂದರೆ ನಿಮ್ಮದಕ್ಕಿಂತ ದೊಡ್ಡವು. ಎರಡೂ ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲಿ ಬಂತು. ಪೂರ್ತಿ ತೆಗೆಸಿಕೊಂಡವರು ಮತ್ತು ಗಂಟು ಮಾತ್ರ ತೆಗೆಸಿಕೊಂಡವರು, ಬದುಕಿ ಉಳಿದ ಲೆಕ್ಕದಲ್ಲಿ ಸಮಸಮ. ಇಪ್ಪತ್ತು ವರ್ಷ ಕಾದು ನೋಡಿದ್ದು ಇದು, ಒಂದೆರಡು ವರ್ಷದ ಮಾತಲ್ಲ.

ಅದು ಹೇಗೆ ಸಾಧ್ಯ ಅಂತ ನಿಮಗನ್ನಿಸಬಹುದು. ಸ್ತನದಲ್ಲೇ ಕೂತ ಗಂಟು ಯಾರ ಜೀವವನ್ನೂ ತೆಗೆಯುವುದಿಲ್ಲ. ಅಪಾಯ ಇರುವುದು ರಕ್ತದ ಮೂಲಕ ಮೂಳೆ, ಲಿವರ್, ಶ್ವಾಸಕೋಶಕ್ಕೆ ಹೋಗುವ ಕಣಗಳಿಂದ. ಹಾಗೆ ಹೋಗುವ ಸ್ವಭಾವದ ಕಣಗಳಿದ್ದರೆ ಅವು ಆಪರೇಷನ್ನಿಗೆ ಮೊದಲೇ ಹೊರಟಿರುತ್ತವೆ. ಸ್ತನವನ್ನು ಎಷ್ಟು ಅಗಲ ಕತ್ತರಿಸಿದರೂ ಅವು ಕೈಗೆ ಸಿಗುವುದಿಲ್ಲ. ಅವುಗಳ ಮೇಲೆ ಕೆಲಸ ಮಾಡುವುದು ಔಷಧಿ. ನಿಮ್ಮ ಕ್ಯಾನ್ಸರ್ ಇಆರ್ ಪಾಸಿಟಿವ್, ಅಂದರೆ ಈಸ್ಟ್ರೊಜೆನ್ ಹಾರ್ಮೋನಿನ ಬಲದಿಂದ ಬೆಳೆಯುವ ಬಗೆಯದು, ಆದ್ದರಿಂದ ಮುಖ್ಯ ಔಷಧಿ ಆ ಹಾರ್ಮೋನನ್ನು ತಡೆಯುವ ಹಾರ್ಮೋನ್ ಮಾತ್ರೆ. ಟ್ಯಾಮಾಕ್ಸಿಫೆನ್ ಅಥವಾ ಅದೇ ಕೆಲಸದ ಇನ್ನೊಂದು, ಕನಿಷ್ಠ 5 ವರ್ಷ, ಕೆಲವರಿಗೆ 10 ವರ್ಷ. ನಿಮ್ಮ ಜೀವ ಉಳಿಸುವುದರಲ್ಲಿ ದಿನಾ ನುಂಗುವ ಆ ಸಣ್ಣ ಮಾತ್ರೆಯ ಪಾಲು ದೊಡ್ಡದು. ಮನೆಯವರೆಲ್ಲ ಸೇರಿ ಆಪರೇಷನ್ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಎರಡನೇ ವರ್ಷದಲ್ಲಿ ಮಾತ್ರೆ ನಿಲ್ಲಿಸಿದಾಗ ಯಾರೂ ಕೇಳುವುದಿಲ್ಲ.

ಕೀಮೋ ವಿಷಯವೂ ಹಾಗೇ. ಸ್ತನ ಪೂರ್ತಿ ತೆಗೆಸಿದರೆ ಕೀಮೋ ತಪ್ಪುತ್ತದೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಇಲ್ಲ. ಕೀಮೋ ಬೇಕೋ ಬೇಡವೋ ಎನ್ನುವುದು ಗಂಟಿನ ಗುಣ, ಗಾತ್ರ, ಕಂಕುಳ ಗ್ರಂಥಿಗಳ ರಿಪೋರ್ಟ್ ನೋಡಿ ತೀರ್ಮಾನ ಆಗುತ್ತದೆ. ಯಾವ ಆಪರೇಷನ್ ಆಯಿತು ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ರೇಡಿಯೇಷನ್. ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದು. ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಫಿಶರ್ ಅವರ ಅಧ್ಯಯನದಲ್ಲಿ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡದೆ ಬಿಟ್ಟ ಮೂರನೇ ಗುಂಪೂ ಇತ್ತು. ಅವರಲ್ಲಿ 20 ವರ್ಷದೊಳಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು 100ಕ್ಕೆ 39 ಮಂದಿಗೆ. ರೇಡಿಯೇಷನ್ ತೆಗೆದುಕೊಂಡವರಲ್ಲಿ 100ಕ್ಕೆ 14. ಆಗಿನ ಮಾತ್ರೆ, ಸ್ಕ್ಯಾನು, ರೇಡಿಯೇಷನ್ ಮೆಷಿನ್ನುಗಳು ಈಗಿನ ಹಾಗಿರಲಿಲ್ಲ. ಬ್ರಿಟನ್ನಿನಲ್ಲಿ ಮೂರು ವಾರದ ರೇಡಿಯೇಷನ್ ಪಡೆದವರನ್ನು 10 ವರ್ಷ ನೋಡಿದಾಗ ಸ್ತನ ಅಥವಾ ಅಕ್ಕಪಕ್ಕದಲ್ಲಿ ಮರಳಿದ್ದು 100ಕ್ಕೆ 4ರಿಂದ 5 ಮಂದಿಗೆ ಮಾತ್ರ. ಹಾಗಂತ ರೇಡಿಯೇಷನ್ ಬಿಡಬಹುದು ಅಂತಲ್ಲ. 65–70 ದಾಟಿದವರಲ್ಲಿ, ಸಣ್ಣ ಗಂಟಾಗಿದ್ದು ಮಾತ್ರೆ ತಪ್ಪದೆ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಬಿಡುವುದುಂಟು. ನಿಮ್ಮ ವಯಸ್ಸಿಗೆ ಅದು ಅನ್ವಯಿಸುವುದಿಲ್ಲ. ಗಂಟು ಮಾತ್ರ ತೆಗೆಸುವುದಾದರೆ ರೇಡಿಯೇಷನ್ ಅದರ ಅರ್ಧ ಭಾಗ. ಅರ್ಧ ಮಾಡಿಸಿ ಅರ್ಧ ಬಿಡುವ ಹಾಗಿಲ್ಲ.

ನಿಮ್ಮ ಊರಿನ ಸರ್ಜನ್ ಪೂರ್ತಿ ತೆಗೆಯೋಣ ಎಂದದ್ದಕ್ಕೂ ಬಹುಶಃ ಇದೇ ಕಾರಣ. ಅವರಿಗೆ ತಿಳಿಯದೆ ಹೇಳಿದ್ದಲ್ಲ ಅಂತ ನನ್ನ ಊಹೆ. ರೇಡಿಯೇಷನ್ ಮೆಷಿನ್ ಇರುವುದು ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿಯಂಥ ಕಡೆ. ಆಪರೇಷನ್ ಆಗಿ, ಗಾಯ ಮಾಯ್ದ ಮೇಲೆ 'ಇನ್ನೇನು ಸರಿಹೋಯ್ತಲ್ಲ' ಎಂದು ರೇಡಿಯೇಷನ್ನಿಗೆ ಹೋಗದೆ ಉಳಿಯುವವರು ಹಳ್ಳಿ ಕಡೆ ಬಹಳ. ಅಂಥವರನ್ನು ಕಂಡ ಸರ್ಜನ್ 'ಒಂದೇ ಸಲ ಮುಗಿಸೋಣ' ಎನ್ನುವುದು ಸಹಜ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಪೂರ್ತಿ ತೆಗೆಸಿದರೆ ರೇಡಿಯೇಷನ್ ಖಂಡಿತ ತಪ್ಪುತ್ತದೆ ಅಂತ ಯಾರೂ ಮಾತು ಕೊಡಲಾರರು. ಕಂಕುಳ ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕರೆ, ಅದರಲ್ಲೂ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ಸಿಕ್ಕರೆ, ಅಥವಾ ಗಂಟು 5 ಸೆಂ.ಮೀ. ದಾಟಿದ್ದರೆ, ಸ್ತನ ಪೂರ್ತಿ ತೆಗೆದ ಮೇಲೂ ಎದೆಗೆ ರೇಡಿಯೇಷನ್ ಬೇಕಾಗುತ್ತದೆ. ಒಂದರಿಂದ ಮೂರು ಗ್ರಂಥಿಗಳಿದ್ದರೂ ಎಷ್ಟೋ ಸಲ ಕೊಡುತ್ತೇವೆ. ಸ್ತನವೂ ಹೋಯಿತು, ಹುಬ್ಬಳ್ಳಿಗೆ ಓಡಾಟವೂ ತಪ್ಪಲಿಲ್ಲ ಎಂದಾದರೆ ಬಹಳ ನೋವಾಗುತ್ತದೆ. ಇದು ಮೊದಲೇ ತಿಳಿದಿರಲಿ.

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಮೊದಲು ಐದು ವಾರ, 25 ಸಲ ಕೊಡುತ್ತಿದ್ದರು. ಈಗ ಬಹಳ ಕಡೆ 15 ಸಲಕ್ಕೆ ಮುಗಿಯುತ್ತದೆ. ಶನಿವಾರ, ಭಾನುವಾರ ಬಿಟ್ಟು ಮೂರು ವಾರ. ಬ್ರಿಟನ್ನಿನಲ್ಲಿ 4,096 ರೋಗಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಒಂದೇ ವಾರದಲ್ಲಿ 5 ಸಲ ಕೊಡುವ ಕ್ರಮವೂ ಬಂದಿದೆ. ನಿಮಗೆ 50 ದಾಟಿಲ್ಲವಾದ್ದರಿಂದ ಗಂಟು ಇದ್ದ ಜಾಗಕ್ಕೆ ಮಾತ್ರ ಸ್ವಲ್ಪ ಹೆಚ್ಚಿನ ಡೋಸ್ ಕೊಡುವ ಸಾಧ್ಯತೆ ಇದೆ. ಅದಕ್ಕೆ ನಾಲ್ಕೈದು ದಿನ ಸೇರಬಹುದು, ಅಥವಾ ಅದೇ 15 ದಿನದಲ್ಲೇ ಸೇರಿಸಿ ಕೊಡಬಹುದು. ಒಟ್ಟು ಎಷ್ಟು ದಿನ ಅಂತ ರೇಡಿಯೇಷನ್ ಡಾಕ್ಟರನ್ನು ಆಪರೇಷನ್ನಿಗೆ ಮೊದಲೇ ಭೇಟಿಯಾಗಿ ಕೇಳಿ. ಸರ್ಜನ್ನಿಗೆ ಕೇಳಿದರೆ ಸಾಲದು.

ದಿನಾ ಬಸ್ಸಿನಲ್ಲಿ ಹೋಗಿಬರುವ ಯೋಚನೆ ಬೇಡ. ಮೆಷಿನ್ ಕೆಳಗೆ ಮಲಗುವುದು ಹತ್ತು-ಹದಿನೈದು ನಿಮಿಷ, ನೋವಿಲ್ಲ. ಆದರೆ ಎರಡನೇ ವಾರದಿಂದ ಸುಸ್ತು ಶುರುವಾಗುತ್ತದೆ. ಚರ್ಮ ಕೆಂಪಾಗಿ ಉರಿಯುತ್ತದೆ. ನೆಂಟರ ಮನೆಯಲ್ಲೋ ಆಸ್ಪತ್ರೆಯ ಹತ್ತಿರವೋ ಮೂರು-ನಾಲ್ಕು ವಾರ ಉಳಿಯುವ ಏರ್ಪಾಡು ಆಗುತ್ತದೆಯೇ ನೋಡಿ. ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಲೆಕ್ಕಕ್ಕೆ ಬರುವ ಪ್ರಶ್ನೆಯೇ. ನಿಮ್ಮದು ಎಡ ಸ್ತನ ಆದ್ದರಿಂದ ಹೃದಯ ಹತ್ತಿರ ಇದೆ. ಉಸಿರು ಎಳೆದು ಹಿಡಿದಾಗ ಹೃದಯ ಎದೆಗೋಡೆಯಿಂದ ಸ್ವಲ್ಪ ದೂರ ಸರಿಯುತ್ತದೆ, ಆ ಹೊತ್ತಿಗೆ ಮಾತ್ರ ಕಿರಣ ಬಿಡುವ ವ್ಯವಸ್ಥೆ ಕೆಲವು ಕಡೆ ಇದೆ. ನೀವು ಹೋಗುವ ಜಾಗದಲ್ಲಿ ಇದೆಯೇ ಎಂದು ಕೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿದೆ. ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ ಆಪರೇಷನ್ನಿಗೂ ರೇಡಿಯೇಷನ್ನಿಗೂ ಎರಡಕ್ಕೂ ಒಪ್ಪಿಗೆ ಸಿಗುತ್ತದೆಯೇ ಎಂದು ಒಟ್ಟಿಗೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಬಹುದು.

ಈಗ ಚಿಕ್ಕಮ್ಮನ ವಿಷಯ. 50ರೊಳಗೆ ನಿಮಗೆ ಸ್ತನ ಕ್ಯಾನ್ಸರ್, ಹತ್ತಿರದ ಸಂಬಂಧಿಗೆ ಅಂಡಾಶಯದ ಕ್ಯಾನ್ಸರ್. ಈ ಎರಡು ಸೇರಿದಾಗ ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಲೇಬೇಕು ಎನ್ನುತ್ತೇನೆ. ಈ ಜೀನಿನಲ್ಲಿ ವಂಶದಿಂದ ಬಂದ ದೋಷ ಇದ್ದರೆ ಸ್ತನ, ಅಂಡಾಶಯ ಎರಡರ ಕ್ಯಾನ್ಸರಿನ ಸಂಭವವೂ ಹೆಚ್ಚು. ರಕ್ತ ಅಥವಾ ಉಗುಳಿನ ಮಾದರಿ ಸಾಕು, ಫಲಿತಾಂಶಕ್ಕೆ ಸಾಮಾನ್ಯವಾಗಿ ಮೂರು-ನಾಲ್ಕು ವಾರ. ಚಿಕ್ಕಮ್ಮ ತಾಯಿ ಕಡೆಯವರೋ ತಂದೆ ಕಡೆಯವರೋ ನೀವು ಬರೆದಿಲ್ಲ. ಯಾವ ಕಡೆಯಾದರೂ ಲೆಕ್ಕಕ್ಕಿದೆ. ಅವರು ಚಿಕ್ಕಪ್ಪನ ಹೆಂಡತಿ ಆಗಿದ್ದರೆ ಮಾತ್ರ ಇದು ಬೇರೆ ಮಾತು, ರಕ್ತಸಂಬಂಧ ಇರಬೇಕು. ಹಾಗಿದ್ದರೂ ನಿಮ್ಮ ವಯಸ್ಸೊಂದೇ ಪರೀಕ್ಷೆಗೆ ಸಾಕಷ್ಟು ಕಾರಣ.

ದೋಷ ಇಲ್ಲ ಅಂತ ಬಂದರೆ, ಎರಡೂ ಸ್ತನ ತೆಗೆಸುವ ಯೋಚನೆ ಬಿಟ್ಟುಬಿಡಿ. ಬಲ ಸ್ತನದಲ್ಲಿ ಹೊಸದಾಗಿ ಕ್ಯಾನ್ಸರ್ ಬರುವ ಸಂಭವ ವರ್ಷಕ್ಕೆ 100ಕ್ಕೆ ಅರ್ಧಕ್ಕಿಂತ ಕಡಿಮೆ. ಹಾರ್ಮೋನ್ ಮಾತ್ರೆ ಅದನ್ನು ಇನ್ನೂ ಇಳಿಸುತ್ತದೆ. ಚೆನ್ನಾಗಿರುವ ಸ್ತನ ತೆಗೆಸಿದರೆ ಆಯಸ್ಸು ಹೆಚ್ಚುವುದಿಲ್ಲ. 2013ರಲ್ಲಿ ಹಾಲಿವುಡ್ ನಟಿ ಆಂಜೆಲಿನಾ ಜೋಲಿ ಎರಡೂ ಸ್ತನ ತೆಗೆಸಿಕೊಂಡ ಸುದ್ದಿ ಬಂದಮೇಲೆ ಈ ಪ್ರಶ್ನೆ ಕೇಳುವವರು ಜಾಸ್ತಿ. ಅವರಿಗೆ ಬಿಆರ್‌ಸಿಎ-1 ದೋಷ ಇತ್ತು, ಕ್ಯಾನ್ಸರ್ ಬಂದಿರಲಿಲ್ಲ, ಬರದಂತೆ ತಡೆಯಲು ತೆಗೆಸಿದ್ದು. ಅವರ ಲೆಕ್ಕವೇ ಬೇರೆ.

ದೋಷ ಇದೆ ಅಂತ ಬಂದರೆ ಮಾತು ಬದಲಾಗುತ್ತದೆ. ಮೊದಲು ಒಂದು ಸ್ತನದಲ್ಲಿ ಕ್ಯಾನ್ಸರ್ ಬಂದವರಲ್ಲಿ, 20 ವರ್ಷದೊಳಗೆ ಇನ್ನೊಂದರಲ್ಲೂ ಬರುವುದು ಬಿಆರ್‌ಸಿಎ-1 ದೋಷ ಇರುವವರಲ್ಲಿ 100ಕ್ಕೆ ಸುಮಾರು 40 ಮಂದಿಗೆ, ಬಿಆರ್‌ಸಿಎ-2 ಇರುವವರಲ್ಲಿ ಸುಮಾರು 26 ಮಂದಿಗೆ. ಆಗ ಎರಡೂ ಸ್ತನ ತೆಗೆಸುವುದು ನಿಜವಾಗಿಯೂ ಯೋಚಿಸಬೇಕಾದ ಮಾತು. ಅಂಥವರಿಗೂ ಸ್ತನ ಉಳಿಸಿಕೊಂಡು ಪ್ರತಿವರ್ಷ ಎಂಆರ್‌ಐ, ಮ್ಯಾಮೊಗ್ರಾಂ ಮಾಡಿಸುವ ದಾರಿ ಮುಚ್ಚಿಲ್ಲ. ಆದರೆ 47ರಲ್ಲಿ ಸ್ತನಕ್ಕಿಂತ ಮೊದಲು ನಾನು ಮಾತಾಡುವುದು ಅಂಡಾಶಯ ತೆಗೆಸುವ ಬಗ್ಗೆ. ಯಾಕೆಂದರೆ ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯುವ ಒಳ್ಳೆಯ ಪರೀಕ್ಷೆ ಇಲ್ಲ. ನಿಮಗೆ ಮಕ್ಕಳಿದ್ದರೆ, ಅಕ್ಕತಂಗಿಯರಿದ್ದರೆ ಅವರಿಗೂ ಈ ಫಲಿತಾಂಶ ಬೇಕಾಗುತ್ತದೆ.

ಫಲಿತಾಂಶ ಬರುವ ತನಕ ಕಾಯಬಹುದೇ? ಮೂರು-ನಾಲ್ಕು ವಾರ ಕಾದರೆ ನಿಮ್ಮಂಥ ಗಂಟಿನಲ್ಲಿ ತೊಂದರೆ ಇಲ್ಲ. ಕಾಯುವ ಧೈರ್ಯ ಇಲ್ಲದಿದ್ದರೆ ಮೊದಲು ಗಂಟು ತೆಗೆಸಿಕೊಳ್ಳಿ. ಗಾಯ ಮಾಯುವಷ್ಟರಲ್ಲಿ ಫಲಿತಾಂಶ ಬರುತ್ತದೆ. ಉಳಿದ ಸ್ತನವನ್ನು ಆಮೇಲೆ ತೆಗೆಯಬಹುದು, ತೆಗೆದದ್ದನ್ನು ಮರಳಿ ಇಡಲು ಬರುವುದಿಲ್ಲ. ಆದರೆ ಫಲಿತಾಂಶ ಬರದೆ ರೇಡಿಯೇಷನ್ ಶುರುಮಾಡಬೇಡಿ. ರೇಡಿಯೇಷನ್ ಆದ ಚರ್ಮದ ಕೆಳಗೆ ಮುಂದೆ ಇಂಪ್ಲಾಂಟ್ ಇಟ್ಟು ಸ್ತನ ಕಟ್ಟುವುದು ಕಷ್ಟ.

ಗಂಟು ತೆಗೆಯುವ ಆಪರೇಷನ್ನಿನಲ್ಲಿ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಗಂಟಿನ ಸುತ್ತ ಚೆನ್ನಾಗಿರುವ ಸ್ವಲ್ಪ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ಅದರ ಹೊರಮೈಗೆ ಇಂಕು ಹಚ್ಚಿ ಪೆಥಾಲಜಿಗೆ ಕಳಿಸುತ್ತಾರೆ. ಇಂಕು ಮುಟ್ಟಿದ ಅಂಚಿನಲ್ಲಿ ಕ್ಯಾನ್ಸರ್ ಕಣ ಇಲ್ಲದಿದ್ದರೆ ಸಾಕು. ಇದ್ದರೆ ಆ ಅಂಚನ್ನು ಇನ್ನೊಮ್ಮೆ ತೆಗೆಯಬೇಕು. ಪರದೇಶಗಳ ಲೆಕ್ಕದಲ್ಲಿ 100ಕ್ಕೆ 15–20 ಮಂದಿಗೆ ಹೀಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ಟೇಬಲ್ ಮೇಲಿರುವಾಗಲೇ ಅಂಚು ನೋಡುವ ಫ್ರೋಜನ್ ಸೆಕ್ಷನ್ ಸೌಲಭ್ಯ ಇದ್ದರೆ ಈ ತಾಪತ್ರಯ ಕಡಿಮೆ. ಇದು ಇದೆಯೇ ಅಂತ ಕೇಳಲು ಸಂಕೋಚ ಬೇಡ. ಎರಡನೇ ಸಲ ತೆಗೆಯಬೇಕಾಯಿತು ಅಂದರೆ ಕಾಯಿಲೆ ಹರಡಿತು ಅಂತಲ್ಲ.

ಕಂಕುಳಿಗೆ ಸಂಬಂಧಿಸಿದ್ದು ನಿಮ್ಮ ಕೆಲಸದ ದೃಷ್ಟಿಯಿಂದ ಮುಖ್ಯ. ತೋಳು ಊದಿಕೊಳ್ಳುವುದು ಸ್ತನ ತೆಗೆದದ್ದರಿಂದಲ್ಲ, ಕಂಕುಳ ಗ್ರಂಥಿಗಳನ್ನೆಲ್ಲ ತೆಗೆದಾಗ. ದಿನವಿಡೀ ಮೆಷಿನ್ ಮುಂದೆ ಕೂತು ಬಟ್ಟೆ ಸರಿಸುವ ನಿಮಗೆ ಎಡತೋಳು ಊದಿದರೆ ಕಷ್ಟ. ಈಗ ಎಲ್ಲ ಗ್ರಂಥಿ ತೆಗೆಯುವ ಬದಲು ಸ್ತನದಿಂದ ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ನೀಲಿ ಬಣ್ಣ ಬಿಟ್ಟು ಗುರುತಿಸಿ, ಅವನ್ನು ಮಾತ್ರ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಸೆಂಟಿನೆಲ್ ನೋಡ್ ಬಯಾಪ್ಸಿ ಎನ್ನುತ್ತಾರೆ. ಆಪರೇಷನ್ ಮಾರನೇ ದಿನ ಮೂತ್ರ ಹಸಿರು-ನೀಲಿಯಾಗಿ ಬಂದರೆ ಗಾಬರಿ ಬೀಳಬೇಡಿ, ಅದೇ ಬಣ್ಣ. ಗಂಟು ಮಾತ್ರ ತೆಗೆದು ರೇಡಿಯೇಷನ್ ತೆಗೆದುಕೊಳ್ಳುವವರಲ್ಲಿ, ಒಂದೆರಡು ಸೆಂಟಿನೆಲ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕರೂ ಉಳಿದವನ್ನು ತೆಗೆಯದೆ ಬಿಡಬಹುದು. ತೋಳಿನ ಮಟ್ಟಿಗೆ ಇದು ದೊಡ್ಡ ಲಾಭ.

ಇಷ್ಟೆಲ್ಲ ಹೇಳಿದ ಮೇಲೂ ಪೂರ್ತಿ ತೆಗೆಯೋದೇ ಸರಿ ಅನ್ನುವ ಸಂದರ್ಭಗಳಿವೆ. ಸ್ತನದ ಬೇರೆಬೇರೆ ಮೂಲೆಗಳಲ್ಲಿ ಗಂಟುಗಳಿದ್ದರೆ, ಮ್ಯಾಮೊಗ್ರಾಂನಲ್ಲಿ ಸಂಶಯಾಸ್ಪದ ಸುಣ್ಣದ ಚುಕ್ಕೆಗಳು ಅಗಲಕ್ಕೆ ಹರಡಿದ್ದರೆ, ಮೊದಲೇ ಆ ಎದೆಗೆ ರೇಡಿಯೇಷನ್ ಆಗಿದ್ದರೆ, ಸ್ತನ ಪೂರಾ ಕೆಂಪಾಗಿ ಊದುವ ಬಗೆಯ ಕ್ಯಾನ್ಸರ್ ಆಗಿದ್ದರೆ. ಸ್ತನ ಬಹಳ ಚಿಕ್ಕದಾಗಿದ್ದು ಗಂಟು ತೆಗೆದರೆ ಆಕಾರವೇ ಉಳಿಯದಿದ್ದರೆ ಕೂಡ ಯೋಚಿಸಬೇಕು. ನಿಮ್ಮ ಪತ್ರದಲ್ಲಿ ಎರಡೂ ಕಡೆಯ ಮ್ಯಾಮೊಗ್ರಾಂ ಬಗ್ಗೆ ಏನೂ ಇಲ್ಲ. ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಅದಿಲ್ಲದೆ ಯಾವ ತೀರ್ಮಾನವೂ ಬೇಡ.

ಕೊನೆಗೆ ನಿಮ್ಮ ಮನಸ್ಸು. ಸ್ತನ ಉಳಿಸಿಕೊಂಡರೆ ಪ್ರತಿವರ್ಷ ಮ್ಯಾಮೊಗ್ರಾಂ ಮಾಡಿಸಬೇಕು, ಪ್ರತಿಸಲ ರಿಪೋರ್ಟ್ ಬರುವ ತನಕ ಎದೆ ಡವಡವ ಅನ್ನುತ್ತದೆ. ಎಲ್ಲ ತಿಳಿದುಕೊಂಡ ಮೇಲೂ 'ಆ ಭಯದಲ್ಲಿ ಬದುಕಲಾರೆ, ತೆಗೆಸಿಬಿಡುತ್ತೇನೆ' ಎಂದು ನೀವೇ ಹೇಳಿದರೆ ಅದು ತಪ್ಪಲ್ಲ, ಅದಕ್ಕೆ ಯಾರ ಮುಂದೆಯೂ ಸಮಜಾಯಿಷಿ ಕೊಡಬೇಕಿಲ್ಲ. ಆದರೆ ಪೂರ್ತಿ ತೆಗೆಸಿದ ಮೇಲೂ ಎದೆಯ ಚರ್ಮದಲ್ಲಿ, ಗಾಯದ ಗೆರೆಯಲ್ಲಿ ಕೆಲವರಿಗೆ ಮರಳುತ್ತದೆ. ಭಯ ಸೊನ್ನೆ ಆಗುವುದಿಲ್ಲ. ಡ್ರೈನ್ ಪೈಪು ಒಂದೆರಡು ವಾರ ಇರುತ್ತದೆ, ಎದೆ ಮರಗಟ್ಟಿದ ಹಾಗೆ ಉಳಿಯುತ್ತದೆ. ಸ್ತನವನ್ನು ಮತ್ತೆ ಕಟ್ಟುವ ಆಪರೇಷನ್ ಬೇಕೆನಿಸಿದರೆ ಪ್ಲಾಸ್ಟಿಕ್ ಸರ್ಜನ್ ಜೊತೆ ಮೊದಲೇ ಮಾತಾಡಿ. ಬೇಡವೆಂದರೆ ಬ್ರಾ ಒಳಗೆ ಇಡುವ ಸಿಲಿಕಾನ್ ಅಥವಾ ಹತ್ತಿಯ ಕೃತಕ ಸ್ತನ ಸಿಗುತ್ತದೆ. ಅದಕ್ಕೆ ಒಳಜೇಬು ಹೊಲಿಯುವುದು ನಿಮಗೆ ನಾನು ಹೇಳಿಕೊಡಬೇಕಾದ್ದಲ್ಲ.

ಅತ್ತೆಯವರಿಗೆ ಉತ್ತರ ಕೊಡುವ ಭಾರ ನೀವೊಬ್ಬರೇ ಹೊರಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಯಜಮಾನರನ್ನೂ ನಾದಿನಿಯನ್ನೂ ಕರೆದುಕೊಂಡು ಹೋಗಿ. 'ಬೇರು ಸಮೇತ' ಪ್ರಶ್ನೆಯನ್ನು ಅವರೇ ಕೇಳಲಿ, ಡಾಕ್ಟರ್ ಉತ್ತರ ಹೇಳಲಿ. ನಾಟಿ ಔಷಧಿ ನೋಡೋಣ ಅಂತ ಯಾರಾದರೂ ಹೇಳಿದರೆ ಅದರಲ್ಲಿ ತಿಂಗಳು ಕಳೆಯಬೇಡಿ. ನಾಲ್ಕು ವಾರ ಕಾಯಬಹುದು, ನಾಲ್ಕು ತಿಂಗಳು ಕಾಯುವ ಹಾಗಿಲ್ಲ. ಹೋಗುವಾಗ ಬಯಾಪ್ಸಿ ರಿಪೋರ್ಟ್ ಒಂದೇ ಸಾಲದು. ಪರೀಕ್ಷೆ ಮಾಡಿದ ಲ್ಯಾಬಿನಿಂದ ಸ್ಲೈಡುಗಳು ಮತ್ತು ಬಯಾಪ್ಸಿಯ ತುಣುಕನ್ನು ಕಾದಿಟ್ಟ ಮೇಣದ ಬ್ಲಾಕ್ ಇಸಿದುಕೊಂಡು ಹೋಗಿ. ಇಆರ್, ಹರ್-2 ಪರೀಕ್ಷೆಯನ್ನು ಅವರು ಇನ್ನೊಮ್ಮೆ ನೋಡಬೇಕು ಅಂದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.